ಊರಮನೆಯನ್ನು ಖಾಲಿ ಮಾಡಿ ಉಳಿಸಿಕೊಂಡ ಬಗೆ

ಗೆದ್ದದ್ದು ನಾವೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಓದುತ್ತಾ ಹೋದ ಹಾಗೆ ನಿಮಗೆ ‘ಇಂಥವನನ್ನ ಕೆಲಸಕ್ಕೆ ಇಟ್ಕೊಂಡವರು ಯಾರಪ್ಪಾ?’ ಅನ್ನಿಸುತ್ತೆ. ಅನ್ನಿಸಲಿ. ಸೇರಿದ ಮೊದಲ ವಾರದಲ್ಲಿ ನನಗೂ ಅನ್ನಿಸಿತ್ತು.

ಯಲಹಂಕದ ಊರಮನೆಗೆ ಈಚೆಗೆ ಮೂರು ಜನ ಹೊಸದಾಗಿ ಕೆಲಸಕ್ಕೆ ಸೇರಿದ್ದಾರೆ. ಮೂವರಿಗೂ ಸಮಾಜಸೇವೆಯಲ್ಲಿ ಪದವಿ ಆಗಿದೆ. ಹೋದ ತಿಂಗಳು ಮನೆಗೆ ಬಂದು, “ಸಾರ್, ನಿಮ್ಮ ಕಾಲದಲ್ಲಿ ಕೆಲಸ ಹೆಂಗಿತ್ತು ಅಂತ ಬರ್ಕೊಡಿ, ನಮಗೆ ಉಪಯೋಗ ಆಗುತ್ತೆ” ಅಂದರು. “ಕೆಲಸಕ್ಕೆ ನನ್ನಿಂದ ಉಪಯೋಗ ಆಯ್ತಾ ಅಂತ ಮೊದಲು ಕೇಳಿ” ಅಂದೆ. ಯಾರೂ ನಗಲಿಲ್ಲ. ಒಬ್ಬ ಅದನ್ನೂ ಬರೆದುಕೊಂಡ. ಪೆನ್ನಿನ ತುದಿ ಕಚ್ಚಿ, ಹುಬ್ಬು ಗಂಟು ಹಾಕಿ, ‘ಹ್ಞೂಂ ಸಾರ್’ ಎನ್ನುತ್ತಾ. ಅವರು ರಸ್ತೆಯ ತಿರುವು ದಾಟುವ ಮೊದಲೇ ನಾನು ಹೆಂಡತಿಗೆ ಅವನ ಹಾಗೇ ಮಾಡಿ ತೋರಿಸಿಯಾಗಿತ್ತು. ನಿವೃತ್ತಿ ಸಿಗುವುದು ಕೆಲಸದಿಂದ, ಚಟದಿಂದಲ್ಲ.

ಅಣಕಿಸುವುದು ನನ್ನ ಚಟ. ಯಶವಂತಪುರದ ಸಂತೆಯ ಪಕ್ಕ ಬೆಳೆದವನು ನಾನು. ಈರುಳ್ಳಿ ಮಂಡಿಯವರ ಕೂಗು, ಬಸ್ ಕಂಡಕ್ಟರನ ಮೂಗುದನಿ, ನಮ್ಮಪ್ಪ ಸಿಟ್ಟು ಬಂದಾಗ ಎಳೆಯುವ ಉಸಿರು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ನನ್ನದೇ ದನಿ ಯಾವುದು ಅಂತ ಅಮ್ಮ ಕೇಳೋಳು. ಅದಕ್ಕೆ ಜಾಗ ಇರಲಿಲ್ಲ.

ಎಪ್ಪತ್ತರ ದಶಕದಲ್ಲಿ ಯಲಹಂಕ ಬೆಂಗಳೂರಾಗಿರಲಿಲ್ಲ. ‘ಬೆಂಗಳೂರಿಗೆ ಹೋಗ್ಬರ್ತೀನಿ’ ಅಂತ ಜನ ಬಸ್ಸಿಗೆ ಇಸ್ತ್ರಿ ಬಟ್ಟೆ ಹಾಕಿಕೊಂಡು ನಿಲ್ಲುತ್ತಿದ್ದ ಸಣ್ಣ ಊರು. ಆ ಊರಿನ ನಡುವೆ ಕಲ್ಲುಕಂಬದ ಜಗುಲಿ, ಮಂಗಳೂರು ಹೆಂಚಿನ ಸೂರು ಇದ್ದ ಒಂದು ಹಳೆಯ ಸರ್ಕಾರಿ ಕಟ್ಟಡ. ಒಂದಾನೊಂದು ಕಾಲದಲ್ಲಿ ದಾರಿಹೋಕರು ತಂಗುತ್ತಿದ್ದ ಛತ್ರ. ಬೋರ್ಡಿನ ಮೇಲೆ ಅದಕ್ಕೆ ಉದ್ದುದ್ದ ಹೆಸರಿತ್ತು. ಜನ ಕರೆಯುತ್ತಿದ್ದದ್ದು ಊರಮನೆ. ಬೆಳಿಗ್ಗೆ ಹೊಲಿಗೆ ಕ್ಲಾಸು, ಮಧ್ಯಾಹ್ನ ಅರ್ಜಿ ಬರೆದುಕೊಡುವ ಬೆಂಚು, ಸಂಜೆ ಮಕ್ಕಳಿಗೆ ಪಾಠ, ಮದುವೆ ಮನೆಗಳಿಗೆ ಎರವಲು ಕೊಡುವ ಹಂಡೆ ಕೊಳಗ, ಜಗುಲಿಯ ಮೇಲೆ ದಿನವಿಡೀ ಪತ್ರಿಕೆ, ಚೌಕಾಬಾರ, ಮುದುಕರು. ಇದೆಲ್ಲವನ್ನೂ ನಡೆಸುತ್ತಿದ್ದವರು ಬಿಡುವಿದ್ದಾಗ ಬಂದು ಕೈಜೋಡಿಸುವ ಊರವರು. ಸಂಬಳ ಇದ್ದವನು ನಾನೊಬ್ಬ, ಮೇಲ್ವಿಚಾರಕ. ಆದ್ದರಿಂದ ಎಲ್ಲರೂ ನನ್ನನ್ನು ಬೈಯಬಹುದಿತ್ತು, ನಾನು ಯಾರನ್ನೂ ಬೈಯುವಂತಿರಲಿಲ್ಲ. ಈ ಕೆಲಸಕ್ಕೆ ಬರುವವರು ಇದನ್ನು ಮೊದಲ ದಿನವೇ ತಿಳಿದುಕೊಂಡರೆ ಒಳ್ಳೆಯದು: ಪುಕ್ಕಟೆ ದುಡಿಯುವವರ ಮೇಲೆ ಅಧಿಕಾರ ನಡೆಯಲ್ಲ, ನಡೆಯೋದು ನೆಂಟಸ್ತನ.

ನನ್ನನ್ನು ಕೆಲಸಕ್ಕೆ ಇಟ್ಟುಕೊಂಡವರು ಊರಮನೆಯ ಗೌರವ ಕಾರ್ಯದರ್ಶಿ ರಂಗಸ್ವಾಮಿ ಮೇಷ್ಟ್ರು. ನಿವೃತ್ತ ಹೆಡ್‌ಮಾಸ್ಟರು. ಪಠ್ಯಪುಸ್ತಕದ ಹಾಗೆ ಮಾತಾಡುತ್ತಿದ್ದರು. ಪ್ರತಿ ವಾಕ್ಯದ ಮುಂಚೆ ಒಂದು ಉಸಿರು ಎಳೆದು, ಕನ್ನಡಕ ತೆಗೆದು, ಆಮೇಲೆ ಶುರು.

“ಏನಪ್ಪಾ, ನಿನಗೆ ಏನು ಬರುತ್ತದೆ?”

“ಎಸ್ಸೆಸ್ಸೆಲ್ಸಿ ಆಗಿದೆ ಸಾರ್.”

“ಅದು ಆಗಿರುವುದು. ಬರುವುದು ಏನು?”

“ಬೇರೆಯವರ ಹಂಗೆ ಮಾತಾಡೋಕೆ ಬರುತ್ತೆ ಸಾರ್.”

“ಯಾರ ಹಾಗೆ?”

ಆಗ ನನಗೆ ಇಪ್ಪತ್ತಮೂರು. ಬುದ್ಧಿ ಇನ್ನೂ ದಾರಿಯಲ್ಲಿತ್ತು. ಉಸಿರು ಎಳೆದೆ, ಇಲ್ಲದ ಕನ್ನಡಕವನ್ನು ತೆಗೆದೆ, “ಅದು ಆಗಿರುವುದು. ಬರುವುದು ಏನು?” ಅಂದೆ. ಹೊಲಿಗೆ ಕ್ಲಾಸಿನಿಂದ ಯಾರೋ ಕಿಸಕ್ಕೆಂದರು. ಮೇಷ್ಟ್ರು ತಮ್ಮ ಕನ್ನಡಕವನ್ನು ಮತ್ತೆ ಏರಿಸಿಕೊಂಡರು.

“ಕನ್ನಡಕವನ್ನು ನಾನು ಬಲಗೈಯಿಂದ ತೆಗೆಯುತ್ತೇನೆ. ನೀನು ಎಡಗೈಯಿಂದ ತೆಗೆದೆ. ಸೋಮವಾರದಿಂದ ಬಾ.”

ಕಿಸಕ್ಕೆಂದವರು ಜಯಮ್ಮನವರು. ಗಂಡ ಕಾರ್ಖಾನೆಯ ಬಸ್ಸು ಹತ್ತಿದ ಮೇಲೆ ತಮ್ಮ ಸ್ವಂತ ಹೊಲಿಗೆ ಮಷೀನನ್ನು ಊರಮನೆಗೆ ಹೊರಿಸಿಕೊಂಡು ಬಂದು ಕ್ಲಾಸು ಶುರು ಮಾಡಿದ್ದವರು. ನಾನು ಅವರನ್ನೂ ಬಿಡಲಿಲ್ಲ. ‘ಅಯ್ಯೋ ಶಿವನೇ, ಕತ್ರಿ ಹಂಗಾ ಹಿಡಿಯೋದು? ತರಕಾರಿ ಹೆಚ್ತಿದೀಯೇನೇ?’ ಅಂತ ಅವರ ದನಿಯಲ್ಲಿ ಹೇಳಿದರೆ ಹುಡುಗಿಯರು ನಿಜವಾಗಿಯೂ ಕತ್ತರಿ ಸರಿಮಾಡಿಕೊಳ್ಳುತ್ತಿದ್ದರು. ಜಯಮ್ಮನವರಿಗೆ ಇದು ಗೊತ್ತಾಯಿತು. ಬೈಯಲಿಲ್ಲ. ಮಗಳ ಬಾಣಂತನಕ್ಕೆ ಆರ್.ಟಿ. ನಗರಕ್ಕೆ ಹೊರಟಾಗ ಅಳತೆ ಟೇಪನ್ನು ನನ್ನ ಕುತ್ತಿಗೆಗೆ ಹಾಕಿದರು.

“ನನ್ನ ಹಂಗೆ ಮಾತಾಡ್ತೀಯಲ್ಲ, ಹದಿನೈದು ದಿನ ನನ್ನ ಹಂಗೆ ಕ್ಲಾಸೂ ಮಾಡು.”

“ಜಯಮ್ಮನೋರೆ, ನಂಗೆ ಗುಂಡಿ ಹಾಕೋಕೂ ಬರಲ್ಲ.”

“ನಾಲಿಗೆ ಬರುತ್ತಲ್ಲ, ಸಾಕು ಕಣೋ.”

ನಾಲ್ಕು ದಿನ ನಾಲಿಗೆಯಲ್ಲೇ ಕಳೆದೆ. ಐದನೆಯ ದಿನ ಹತ್ತು ಹುಡುಗಿಯರು ರವಿಕೆಯ ತೋಳು ಕತ್ತರಿಸಬೇಕಿತ್ತು. ತೋಳು ಭುಜಕ್ಕೆ ಸೇರುವ ಕಡೆ ಮುಂದೆ ಬಾಗು ಆಳ, ಹಿಂದೆ ಕಡಿಮೆ. ಬಟ್ಟೆಯನ್ನು ಮಡಚಿಟ್ಟು ಕತ್ತರಿಸಿದರೆ ಒಂದು ಎಡ, ಒಂದು ಬಲ ತಾನಾಗಿ ಬರುತ್ತೆ. ನನಗೆ ಇದು ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅನ್ನುವುದೂ ಗೊತ್ತಿರಲಿಲ್ಲ. ಬೇಗ ಆಗಲಿ ಅಂತ ಎಲ್ಲರ ಬಟ್ಟೆಯನ್ನೂ ಒಂದರ ಮೇಲೊಂದು ಹರವಿ, ಜಯಮ್ಮನವರ ದನಿಯಲ್ಲಿ ‘ಧೈರ್ಯವಾಗಿ ಹಾಕ್ರೇ ಕತ್ರಿ’ ಅಂದೆ. ಹಾಕಿದರು. ಇಪ್ಪತ್ತು ತೋಳು. ಇಪ್ಪತ್ತೂ ಎಡಗೈಯವು.

ವಾಪಸ್ ಬಂದ ಜಯಮ್ಮನವರು ಆ ತೋಳುಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದರು. ನಾನು ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಿದ್ದೆ. “ನಿಂತ್ಕೋ” ಅಂದರು. ಅರ್ಧ ದಿನದಲ್ಲಿ ಆ ಇಪ್ಪತ್ತು ತೋಳು ಇಪ್ಪತ್ತು ಕುಲಾವಿಗಳಾದವು; ನನ್ನ ಕೈಯಿಂದಲೇ ಅವಕ್ಕೆ ಕಟ್ಟುವ ದಾರ ಹೊಲಿಸಿದರು. ಅವನ್ನು ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಕೊಟ್ಟು ಬಂದೆವು. ಆ ತಿಂಗಳು ಹುಟ್ಟಿದ ಮಕ್ಕಳು ನನ್ನ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡೇ ಮನೆಗೆ ಹೋದವು. ಜನ ಮೆಚ್ಚಿ ಇನ್ನಷ್ಟು ಬೇಕೆಂದರು. ಅವತ್ತಿನಿಂದ ಊರಲ್ಲಿ ಹುಟ್ಟಿದ ಪ್ರತಿ ಕೂಸಿಗೂ ಊರಮನೆಯಿಂದ ಒಂದು ಕುಲಾವಿ ಅನ್ನುವ ಪದ್ಧತಿ ಬಂತು. ಸಮಾಜಸೇವೆಯಲ್ಲಿ ಇದಕ್ಕೆ ಏನೋ ಹೆಸರಿರಬೇಕು. ನಾವು ಜಯಮ್ಮನವರ ಸಿಟ್ಟು ಅಂತಿದ್ದೆವು.

ಇನ್ನೊಬ್ಬರು ಮುನಿಯಪ್ಪ. ಕೋಗಿಲಿನವರು, ನಾಲ್ಕು ತಲೆಮಾರಿನಿಂದ ಅಲ್ಲೇ ಇದ್ದ ಮನೆತನ; ಎತ್ತಿನ ಗಾಡಿ ಇತ್ತು. ಎರವಲು ಪಾತ್ರೆಗಳ ಉಸ್ತುವಾರಿ ಅವರದು. ಅವರ ಮಾತಿನಲ್ಲಿ ‘ಹ’ಕಾರವೇ ಇರಲಿಲ್ಲ. ಹೆಬ್ಬಾಳ ಎಬ್ಬಾಳ, ಹಂಡೆ ಅಂಡೆ. ಯಾವ ಪಾತ್ರೆ ಯಾರ ಮದುವೆಗೆ ಹೋಗಿದೆ ಅಂತ ಚೀಟಿ ಇಲ್ಲ, ಪುಸ್ತಕ ಇಲ್ಲ, ಎಲ್ಲ ಅವರ ಕಿವಿಯಲ್ಲಿ. ಕಿವಿಯಲ್ಲಿ ಅಂದರೆ ಕಿವಿಯಲ್ಲೇ: ವಾಪಸ್ ಬಂದ ಪಾತ್ರೆಯನ್ನು ಬೆರಳ ಗಿಣ್ಣಿನಿಂದ ಟಣ್ ಅನ್ನಿಸಿ, ತಲೆ ವಾಲಿಸಿ ಕೇಳೋರು. ಒಂದು ಸಲ ಒಂದು ಮದುವೆ ಮನೆಯವರು ತಳತಳ ಹೊಳೆಯುವ ಹಂಡೆಯನ್ನು ತಂದಿಳಿಸಿದರು. ಮುನಿಯಪ್ಪ ಟಣ್ ಅನ್ನಿಸಿದರು.

“ಇದು ನಮ್ದಲ್ಲ.”

“ನಿಮ್ದೇ ಮುನಿಯಪ್ಪ, ಹುಣಸೆಹಣ್ಣು ಹಾಕಿ ತಿಕ್ಸಿದೀವಿ, ಅದಕ್ಕೆ ಗುರುತು ಸಿಗ್ತಿಲ್ಲ.”

“ಉಣ್ಸೆಅಣ್ಣು ಮೈಗಾಯ್ತು, ದನಿಗೂ ಆಕಿದ್ರಾ? ನಮ್ದು ಇಂಗೆ ಅಳಾಕಿಲ್ಲ.”

ಹುಡುಕಿದರೆ ನಮ್ಮ ಹಂಡೆ ಅಡುಗೆಯವರ ಜೊತೆ ಗೊರಗುಂಟೆಪಾಳ್ಯಕ್ಕೆ ಹೋಗಿ ಬೇರೊಂದು ಮದುವೆಯಲ್ಲಿ ಸಾರು ಕಾಯಿಸುತ್ತಿತ್ತು. ಆಮೇಲೆ ಮೇಷ್ಟ್ರು ಪಾತ್ರೆಗಳ ಮೇಲೆ ನಂಬರು ಬರೆಸಿದರು, ಚೀಟಿ ಪದ್ಧತಿ ತಂದರು. ಮುನಿಯಪ್ಪ ಚೀಟಿಯನ್ನು ಗೌರವದಿಂದ ಈಸಿಕೊಂಡು, ಕಿವಿಗೆ ಸಿಕ್ಕಿಸಿಕೊಂಡು, ಮೊದಲಿನ ಹಾಗೇ ಟಣ್ ಅನ್ನಿಸುತ್ತಿದ್ದರು. ಹೊಸ ವಿಧಾನ ಬಂದಾಗ ಹಳೆಯದನ್ನು ಓಡಿಸಬೇಡಿ. ಪಕ್ಕಕ್ಕೆ ಒಂದು ಮಣೆ ಹಾಕಿ.

ಈ ಎರಡು ಘಟನೆಗಳಿಂದ ನನಗೆ ತಿಳಿದದ್ದು ಒಂದೇ. ಯಾರ ಮಾತನ್ನು ನಾನು ಚೆನ್ನಾಗಿ ಕೇಳಿಸಿಕೊಂಡಿದ್ದೆನೋ ಅವರನ್ನೇ ಚೆನ್ನಾಗಿ ಅಣಕಿಸುತ್ತಿದ್ದೆ. ಎಷ್ಟು ದಿನ ಕೇಳಿಸಿಕೊಂಡಿದ್ದೆನೋ ಅಷ್ಟು ಅವರು ನನಗೆ ಗೊತ್ತಿದ್ದರು. ಮೇಲ್ವಿಚಾರಕನ ಕೆಲಸವೂ ಅಷ್ಟೇ. ಇದನ್ನು ಇಷ್ಟು ಚಂದವಾಗಿ ಈಗ ಬರೆಯುತ್ತೇನೆ. ಅವತ್ತು ಮರೆತು ಊರಮನೆಯನ್ನೇ ಕಳೆಯುವುದರಲ್ಲಿದ್ದೆ.

ಎಂಬತ್ತರ ದಶಕ ಶುರುವಾಗಿ ಕೆಲವು ವರ್ಷ ಆಗಿತ್ತು. ಮೇಲಿನ ಒಂದು ಕಚೇರಿಯಿಂದ ಕಾಗದ ಬಂತು. ಕಚೇರಿಯ ಹೆಸರು ಬೇಡ. ಅವರ ತಪ್ಪೇನೂ ಇರಲಿಲ್ಲ. ಸದರಿ ಕಟ್ಟಡವು ಉಪಯೋಗವಿಲ್ಲದೆ ಖಾಲಿ ಇರುವುದಾಗಿ ತಿಳಿದುಬಂದಿದೆ, ಹಳೆಯ ಕಡತಗಳನ್ನು ಇಡಲು ಅದನ್ನು ವಾಪಸ್ ಪಡೆಯುವ ಮುನ್ನ ಅಧಿಕಾರಿಯೊಬ್ಬರು ಗುರುವಾರ ಬೆಳಿಗ್ಗೆ ಹತ್ತಕ್ಕೆ ಬಂದು ನೋಡುತ್ತಾರೆ ಅಂತ ಅದರಲ್ಲಿತ್ತು. ಅವರು ‘ಖಾಲಿ’ ಅಂತ ಬರೆದರೆ ಮುಗಿಯಿತು. ಕಟ್ಟಡ ಸರ್ಕಾರದ್ದು, ನಮಗಿದ್ದದ್ದು ಬಳಸಿಕೊಳ್ಳುವ ಅನುಮತಿ ಮಾತ್ರ.

“ಖಾಲಿ ಅಂತೆ!” ಜಯಮ್ಮನವರು ಕಾಗದವನ್ನು ದೂರ ಹಿಡಿದು ಓದಿದರು. “ಹದಿನಾಲ್ಕು ಹುಡುಗೀರು ಇಲ್ಲಿ ಮೊಣಕೈಗೆ ಮೊಣಕೈ ತಗಲಿಸ್ಕೊಂಡು ಕೂತಿದಾರೆ. ನಮ್ಮನೇಲಿ ಇಬ್ರು ಕೂತ್ರೆ ಮೂರನೆಯೋಳು ಬಚ್ಚಲಲ್ಲಿ ಕೂತು ಹೊಲೀಬೇಕು.”

ಮೇಷ್ಟ್ರು ಕಾಗದವನ್ನು ವಾಪಸ್ ಈಸಿಕೊಂಡು ಮಡಚಿದರು. ಹೆಂಡತಿ ಹೋದ ಮೇಲೆ ಅವರು ತಮ್ಮ ಮನೆಯಲ್ಲಿ ಮಲಗುತ್ತಿದ್ದರು, ಇರುತ್ತಿದ್ದದ್ದು ಇಲ್ಲಿ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುವವರು ಅವರೇ. ಕೊನೆಗೆ ಕನ್ನಡಕ ತೆಗೆದು ಕೇಳಿದರು: “ಬರುವ ಸಾಹೇಬರು ಏನನ್ನು ನೋಡುತ್ತಾರೆ?”

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಲೇಖನ ಎರಡು ಪುಟ ಕಡಿಮೆಯಾಗುತ್ತಿತ್ತು. ಎದ್ದು ನಿಂತೆ. ಪ್ಯಾಂಟನ್ನು ಹೊಟ್ಟೆಯ ಮೇಲಕ್ಕೆ ಎಳೆದುಕೊಂಡೆ, ಪತ್ರಿಕೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೆ, ಗಂಟಲಿಗೆ ಜಲ್ಲಿ ಸುರಿದುಕೊಂಡೆ.

“ಏನ್ರೀ ಇದು? ಸರ್ಕಾರಿ ಕಟ್ಟಡಾನೋ, ಗುಜರಿ ಅಂಗಡೀನೋ? ಈ ಚಿಂದಿ ಬಟ್ಟೆ ಯಾರದ್ರೀ? ಈ ಹಂಡೆ ಯಾರದ್ರೀ? ಆ ಮುದುಕ ಯಾಕ್ರೀ ಇಲ್ಲಿ ಗೊರಕೆ ಹೊಡೀತಿದಾನೆ?”

ಮೊದಲ ವಾಕ್ಯಕ್ಕೆ ಎಲ್ಲರೂ ನಕ್ಕರು. ಎರಡನೆಯದಕ್ಕೆ ಅರ್ಧ ಜನ. ಮೂರನೆಯದಕ್ಕೆ ಮುನಿಯಪ್ಪ ಹತ್ತಿರದಲ್ಲಿದ್ದ ಹಂಡೆಯನ್ನು ಮೆಲ್ಲಗೆ ತಮ್ಮ ಹಿಂದಕ್ಕೆ ಎಳೆದುಕೊಂಡರು.

“ಅಯ್ಯೋ, ಇಂಗಂತಾನಾ?”

“ಅನ್ನದೆ ಬಿಡ್ತಾನಾ?” ಇನ್ನೂ ಅದೇ ದನಿಯಲ್ಲಿದ್ದೆ. ಇಳಿಯಲು ಮನಸ್ಸು ಬರಲಿಲ್ಲ, ಅಷ್ಟು ಚೆನ್ನಾಗಿ ಕೂತಿತ್ತು.

“ಅಂಗಾದ್ರೆ ಅಂಡೆ ಒಂದೂ ಇಲ್ಲಿರ್ಬಾರ್ದು.”

ನೀನು ಈ ಸಾಹೇಬನನ್ನು ಎಂದಾದರೂ ನೋಡಿದ್ದೀಯಾ, ಅವನ ಒಂದು ಮಾತು ಕೇಳಿದ್ದೀಯಾ ಅಂತ ಯಾರೂ ಕೇಳಲಿಲ್ಲ. ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ. ಒಬ್ಬ ಇಲ್ಲದ ಮನುಷ್ಯನನ್ನು ಹುಟ್ಟಿಸಿ, ಊರನ್ನೆಲ್ಲ ಹೆದರಿಸಿಬಿಟ್ಟಿದ್ದೆ.

ಬುಧವಾರ ಊರು ಕೆಲಸಕ್ಕೆ ಬಿತ್ತು. ಮದುವೆ ಮನೆ ಅಂದುಕೊಳ್ಳಿ, ಆದರೆ ತಿರುಗುಮುರುಗಾಗಿ. ಪಾತ್ರೆಗಳೆಲ್ಲ ಮುನಿಯಪ್ಪನ ಗಾಡಿಯಲ್ಲಿ ಕೋಗಿಲಿನ ಕೊಟ್ಟಿಗೆಗೆ. ಹೊಲಿಗೆ ಮಷೀನುಗಳು ಹುಡುಗಿಯರ ತಲೆಯ ಮೇಲೆ ಅವರವರ ಮನೆಗೆ. ಬೆಂಚು, ಕಪ್ಪುಹಲಗೆ, ಪತ್ರಿಕೆಯ ಕಟ್ಟು ಎಲ್ಲಾ ರೈಲ್ವೆ ಗೇಟಿನಾಚೆ ಒಬ್ಬರ ಗೋಡೌನಿಗೆ. ಗೋಡೆಗೆ ಸುಣ್ಣ, ನೆಲಕ್ಕೆ ನೀರು, ಬಾಗಿಲಿಗೆ ರಂಗೋಲಿ. ಗೋಡೆಯ ಮೇಲೆ ಮಕ್ಕಳು ಬರೆದಿದ್ದ ಮಗ್ಗಿಯನ್ನೂ ಬಿಡಲಿಲ್ಲ. ‘ಗುರುವಾರ ಮಧ್ಯಾಹ್ನದವರೆಗೆ ಯಾರೂ ಈ ಕಡೆ ಸುಳಿಯಬೇಡಿ, ಸಾಹೇಬ ಹೋದ ಮೇಲೆ ಸಾಮಾನು ತನ್ನಿ’ ಅಂತ ನಾನೇ ಸೈಕಲ್ಲಿನಲ್ಲಿ ಬೀದಿ ಬೀದಿ ಸಾರಿ ಬಂದೆ. ಸಂಜೆ ಆ ಬೋಳು ಹಾಲಿನಲ್ಲಿ ನಿಂತು ನಾವು ನಾಲ್ಕು ಜನ ಹೆಮ್ಮೆಪಟ್ಟೆವು. ಕೆಮ್ಮಿದರೆ ಪ್ರತಿಧ್ವನಿ ಬರುತ್ತಿತ್ತು.

ಗುರುವಾರ ಹತ್ತಕ್ಕೆ ಜೀಪು ಬಂತು. ಇಳಿದವರು ಸಣಕಲು ಮನುಷ್ಯ. ಕುತ್ತಿಗೆಗೆ ಮಫ್ಲರು, ಕೈಯಲ್ಲಿ ಕರವಸ್ತ್ರ, ಮೈಯೆಲ್ಲ ನೋವಿನ ಮುಲಾಮಿನ ವಾಸನೆ. “ಕ್ಷಬಿಸಿ, ದೆಗಡಿ” ಅಂದರು. ಆ ಮೆತ್ತಗಿನ ದನಿ ನಾನು ಹುಟ್ಟಿಸಿದ್ದ ಸಾಹೇಬನದಾಗಿರಲಿಲ್ಲ. ಜಯಮ್ಮನವರು ಪಕ್ಕದಲ್ಲಿ ನನ್ನನ್ನೇ ನೋಡುತ್ತಿದ್ದರು.

ಸಾಹೇಬರು ಹಾಲಿನ ನಡುವೆ ನಿಂತು ಸುತ್ತ ನೋಡಿದರು.

“ಇಲ್ಲಿ ದಿನಾ ಜನ ಬರ್ತಾರೆ ಅಂತೀರಿ?”

“ಬಹಳ ಜನ ಬರುತ್ತಾರೆ ಸ್ವಾಮಿ” ಅಂದರು ಮೇಷ್ಟ್ರು.

“ಇವತ್ತು?”

“ಇವತ್ತು ಬರಬೇಡಿರೆಂದು ಹೇಳಿದ್ದೇವೆ.”

“ಯಾಕೆ?”

“ತಾವು ಬರುತ್ತೀರೆಂದು.”

ಸಾಹೇಬರು ಮೂಗು ಒರೆಸಿಕೊಂಡರು. “ಅನುಮತಿ ಅರ್ಜೀಲಿ ಹೊಲಿಗೆ ಕ್ಲಾಸು ಇದೆ ಅಂತ ಬರೆದಿದೀರಿ. ಮಷೀನು?”

“ಮನೇಲಿವೆ ಸಾರ್” ಅಂದರು ಜಯಮ್ಮನವರು.

“ಯಾರ ಮನೇಲಿ?”

“ನಮ್ಮನೇಲೊಂದು, ಮಿಕ್ಕಿದ್ದು ಹುಡುಗೀರ ಮನೇಲಿ.”

“ಅಂದ್ರೆ ಕ್ಲಾಸು ಮನೇಲಿ ನಡೆಯುತ್ತೆ.”

“ಇಲ್ಲ ಸಾರ್, ಇಲ್ಲೇ ನಡೆಯುತ್ತೆ.”

“ಮಷೀನಿಲ್ಲದೆ?”

ಹೇಳಿದ್ದೆಲ್ಲ ನಿಜ. ಒಂದೊಂದು ನಿಜಕ್ಕೂ ನಮ್ಮ ಕುತ್ತಿಗೆ ಒಂದೊಂದು ಇಂಚು ಒಳಗೆ ಹೋಗುತ್ತಿತ್ತು. ಪಾತ್ರೆ ಎಲ್ಲಿ ಅಂದರು. ದನದ ಕೊಟ್ಟಿಗೆಯಲ್ಲಿ ಅಂದೆ. ಬೆಂಚು ಎಲ್ಲಿ ಅಂದರು, ಗೇಟಿನಾಚೆ ಅಂದೆ. ಸಾಹೇಬರು ಬಾಗಿ ನೆಲವನ್ನು ಬೆರಳಲ್ಲಿ ಮುಟ್ಟಿ ನೋಡಿದರು.

“ತೇವ ಇಲ್ಲ. ಗೆದ್ದಲಿಲ್ಲ. ತುಂಬಾ ಚೊಕ್ಕಟವಾಗಿ ಇಟ್ಕೊಂಡಿದೀರಿ” ಅಂತ ಮನಸಾರೆ ಹೊಗಳಿದರು. “ಕಡತಗಳಿಗೆ ಹೇಳಿ ಮಾಡಿಸಿದ ಜಾಗ.”

ಪುಸ್ತಕದಲ್ಲಿ ಎರಡು ಸಾಲು ಬರೆದುಕೊಂಡು, ಕೈಮುಗಿದು, ಸೀನುತ್ತಾ ಜೀಪು ಹತ್ತಿದರು.

ಮೇಷ್ಟ್ರು ಮೆಟ್ಟಿಲ ಮೇಲೆ, ರಂಗೋಲಿಯ ಮೇಲೆಯೇ ಕೂತರು. ಉಸಿರು ಎಳೆದರು, ಕನ್ನಡಕ ತೆಗೆಯಲಿಲ್ಲ.

“ಚಂದ್ರಶೇಖರ, ಬೀಗದ ಕೈಯನ್ನು ಯಾರಿಗೆ ಒಪ್ಪಿಸಬೇಕು ಎಂದು ಬರೆದಿದ್ದಾರೆಯೇ, ಆ ಕಾಗದದಲ್ಲಿ ನೋಡು.”

ಇದುವರೆಗೆ ನಾನು ಆ ವಾಕ್ಯವನ್ನು ಅಣಕಿಸಿಲ್ಲ. ಸೈಕಲ್ ಹತ್ತಿದೆ.

ಜೀಪನ್ನು ಸೈಕಲ್ಲಿನಲ್ಲಿ ಹಿಡಿಯುವುದು ಸಾಧ್ಯವಿಲ್ಲ. ಆದರೆ ಯಲಹಂಕದ ರೈಲ್ವೆ ಗೇಟು ಎಂಥ ಜೀಪನ್ನಾದರೂ ಹಿಡಿಯುತ್ತಿತ್ತು. ಗೂಡ್ಸು ಗಾಡಿ ಹಿಂದೆ ಮುಂದೆ ಆಡುತ್ತಾ ಡಬ್ಬಿ ಜೋಡಿಸಿಕೊಳ್ಳುತ್ತಿತ್ತು. ನಾನು ಬೆವರಿಳಿಸುತ್ತಾ ಹೋಗಿ ಜೀಪಿನ ಪಕ್ಕ ನಿಂತೆ.

“ಸಾರ್, ತಪ್ಪು ನಂದು. ಖಾಲಿ ಇರ್ಲಿಲ್ಲ, ನಾನು ಖಾಲಿ ಮಾಡಿಸ್ದೆ.”

“ಯಾಕ್ರೀ?”

“ನೀವು ಬೈತೀರ ಅಂತ.”

“ನಾನು ಹೆಂಗೆ ಬೈತೀನಿ ಅಂತ ನಿಮಗೇನು ಗೊತ್ತು?”

“ಗೊತ್ತಿರ್ಲಿಲ್ಲ ಸಾರ್. ನಾನೇ ಬೈದು ತೋರಿಸ್ದೆ.”

ಸಾಹೇಬರು ಜೀಪಿನಿಂದ ಇಳಿದರು. “ತೋರಿಸ್ರೀ, ನಾನೂ ನೋಡ್ತೀನಿ.”

ನನ್ನ ಜೀವಮಾನದಲ್ಲಿ ನಾನು ಕೊಟ್ಟ ಅತ್ಯಂತ ಕಷ್ಟದ ಪ್ರದರ್ಶನ ಅದು. ನಡುಬೀದಿ, ಎದುರಿಗೆ ಗೂಡ್ಸು, ನೋಡುವವರು ಸಾಹೇಬರು ಮತ್ತು ಅವರ ಡ್ರೈವರು. ಪ್ಯಾಂಟು ಎಳೆದುಕೊಂಡೆ, “ಏನ್ರೀ ಇದು? ಸರ್ಕಾರಿ ಕಟ್ಟಡಾನೋ, ಗುಜರಿ ಅಂಗಡೀನೋ?” ಅಂದೆ. ಡ್ರೈವರು ಸ್ಟೇರಿಂಗಿನ ಮೇಲೆ ತಲೆ ಇಟ್ಟುಕೊಂಡು ಅಲುಗಾಡುತ್ತಿದ್ದ. ಸಾಹೇಬರು ನಕ್ಕು, ಕೆಮ್ಮಿ, ಮತ್ತೆ ನಕ್ಕರು.

“ಇಷ್ಟು ಗತ್ತು ನಂಗಿದ್ದಿದ್ರೆ ಈ ನೆಗಡೀಲಿ ನನ್ನ ಯಾರ್ರೀ ಯಲಹಂಕಕ್ಕೆ ಕಳಿಸ್ತಿದ್ರು? ಚೆನ್ನಾಗಿದೆ. ಆದ್ರೆ ಇದನ್ನ ವರದೀಲಿ ಹೆಂಗೆ ಬರೀಲಿ? ನಾನು ನೋಡಿದ್ದು ಖಾಲಿ ಹಾಲು.”

ಎಳೆದುಕೊಂಡಿದ್ದ ಪ್ಯಾಂಟನ್ನು ಮೆಲ್ಲಗೆ ಕೆಳಗಿಳಿಸಿಕೊಂಡೆ.

ಅಷ್ಟರಲ್ಲಿ ಗೂಡ್ಸಿನ ಕೊನೆಯ ಡಬ್ಬಿ ದಾಟಿತು. ಗೇಟಿನಾಚೆ ಮುನಿಯಪ್ಪನ ಗಾಡಿ. ಅದರ ತುಂಬ ಹಂಡೆ ಕೊಳಗಗಳು ಬಿಸಿಲಿಗೆ ಬೆಂಕಿ ಹತ್ತಿದ ಹಾಗೆ ಹೊಳೆಯುತ್ತಿವೆ. ಅದರ ಹಿಂದೆ ತಲೆಯ ಮೇಲೆ ಮಷೀನು ಹೊತ್ತ ಹುಡುಗಿಯರು, ಎಂಟು ಜನ ಎತ್ತಿದ ಬೆಂಚು, ಕಪ್ಪುಹಲಗೆಯನ್ನು ಕೊಡೆಯ ಹಾಗೆ ಹಿಡಿದವನು. ಇನ್ನೊಂದು ಬೆಂಚನ್ನು ರಸ್ತೆಯ ಬದಿಗೆ ಇಳಿಸಿ, ಗೇಟು ತೆಗೆಯುವವರೆಗೆ ಸುಮ್ಮನೆ ಯಾಕೆ ಅಂತ ಜಗುಲಿಯ ಮುದುಕರು ಅದರ ಮೇಲೆ ಕೂತು ಪತ್ರಿಕೆ ಓದುತ್ತಿದ್ದಾರೆ. ‘ಮಧ್ಯಾಹ್ನದವರೆಗೆ’ ಅಂತ ನಾನು ಸಾರಿದ್ದೆ. ಆದರೆ ಹನ್ನೊಂದರವರೆಗೂ ತಡೆದುಕೊಳ್ಳಲು ಅವರಿಂದ ಆಗಿರಲಿಲ್ಲ.

ಮುನಿಯಪ್ಪ ನನ್ನನ್ನು ಕಂಡು ಗಾಡಿಯ ಮೇಲೆ ಎದ್ದು ನಿಂತು ಕೂಗಿದರು:

“ಚಂದ್ರಣ್ಣೋ! ಆ ಸಾಯೇಬ ಒಂಟೋದ್ನಾ? ಸಾಮಾನು ತರಾನಾ?”

ನಾನು ನೆಲ ನೋಡಿದೆ. ಸಾಹೇಬರು ಮಫ್ಲರು ಸರಿಮಾಡಿಕೊಂಡು, ನೆಗಡಿಯ ದನಿಯನ್ನು ಇದ್ದಷ್ಟು ಎತ್ತರಿಸಿ, ತಾವೇ ಉತ್ತರ ಕೊಟ್ಟರು.

“ಹೋದ ಕಣಪ್ಪಾ! ತನ್ನಿ ತನ್ನಿ!”

ಗೇಟು ಎದ್ದಿತು. ಮೆರವಣಿಗೆ ನಮ್ಮನ್ನು ದಾಟಿಕೊಂಡು ಹೊರಟಿತು; ಹಳಿ ಹತ್ತಿಳಿಯುವಷ್ಟರಲ್ಲಿ ಗಾಡಿ ಎಲ್ಲರಿಗಿಂತ ಹಿಂದೆ ಬಿತ್ತು. ಸಾಹೇಬರು ಡ್ರೈವರಿಗೆ ಜೀಪು ತಿರುಗಿಸಲು ಹೇಳಿದರು. ಬೀದಿ ಸಣ್ಣದು, ಎತ್ತಿನ ಗಾಡಿಯನ್ನು ದಾಟುವ ಹಾಗಿರಲಿಲ್ಲ. ಡ್ರೈವರು ಎರಡು ಸಲ ಹಾರನ್ ಮಾಡಿದ, ಮುನಿಯಪ್ಪ ಹಿಂದೆ ತಿರುಗದೆ “ಇರಪ್ಪ, ಎತ್ತಿಗೂ ಉಸ್ರು ಬೇಕು” ಅಂದರು. ಹೀಗೆ ಮುಂದೆ ಊರಮನೆಯ ಸಾಮಾನು, ನಡುವೆ ಎತ್ತಿನ ಗಾಡಿ, ಹಿಂದೆ ಸರ್ಕಾರದ ಜೀಪು, ಅದರ ಹಿಂದೆ ಸೈಕಲ್ಲಿನ ಮೇಲೆ ನಾನು. ಯಲಹಂಕದಲ್ಲಿ ಅದಕ್ಕಿಂತ ದೊಡ್ಡ ಉತ್ಸವವನ್ನು ನಾನು ಕಂಡಿಲ್ಲ.

ಮೇಷ್ಟ್ರು ಇನ್ನೂ ಮೆಟ್ಟಿಲ ಮೇಲೆಯೇ ಇದ್ದರು. “ಏಳಿ ಮೇಷ್ಟ್ರೇ, ಬಾಗಿಲಿಗೆ ಅಡ್ಡ ಕೂತಿದೀರಿ” ಅಂದರು ಜಯಮ್ಮನವರು. ಹತ್ತು ನಿಮಿಷ. ಹೆಚ್ಚೆಂದರೆ ಹದಿನೈದು. ಪ್ರತಿಧ್ವನಿ ಸತ್ತುಹೋಯಿತು. ಮಷೀನುಗಳು ಕಟಕಟ ಶುರು ಮಾಡಿದವು, ಕೊಳಗಗಳು ಮೂಲೆ ಹಿಡಿದವು, ಹೊಸ ಸುಣ್ಣದ ಗೋಡೆಯ ಮೇಲೆ ಯಾರೋ ಆಗಲೇ ಎರಡರ ಮಗ್ಗಿ ಬರೆದಿದ್ದರು. ಸಾಹೇಬರು ನಡುವೆ ನಿಂತಿದ್ದರು. ಎಲ್ಲಿ ನಿಂತರೂ ಯಾರಾದರೊಬ್ಬರು “ಒಂಚೂರು ಆ ಕಡೆ ಸಾರ್” ಅನ್ನುತ್ತಿದ್ದರು. ಹಾಗೆ ಸರಿದು ಸರಿದು ಕಿಟಕಿಯ ಹತ್ತಿರ ಬಂದಾಗ, ತಣಿಸಂದ್ರದಿಂದ ನಡೆದು ಬಂದಿದ್ದ ಒಬ್ಬ ಅಜ್ಜಿ ಅವರ ಕೈಯಲ್ಲಿದ್ದ ಪೆನ್ನು ನೋಡಿ, ಮಡಚಿದ ಒಂದು ಅರ್ಜಿಯನ್ನು ಮುಂದೆ ಚಾಚಿದಳು.

“ಬರ್ಯೋನು ನೀನೇನಾ ಮಗಾ? ಆಗ್ಲಿಂದ ಕಾಯ್ತಿವ್ನಿ. ರೇಸನ್ ಕಾಲ್ಡಿಂದು.”

ಸಾಹೇಬರು ನನ್ನ ಮುಖ ನೋಡಿದರು. ನಾನು ಜೀವನದಲ್ಲಿ ಮೊದಲ ಸಲ ಬಾಯಿ ತೆರೆಯದೆ ನಿಂತೆ. ಅವರು ಅರ್ಜಿಯನ್ನು ಕಿಟಕಿಯ ಕಟ್ಟೆಯ ಮೇಲೆ ಬಿಡಿಸಿಕೊಂಡರು.

“ಹೆಸರು ಹೇಳಮ್ಮಾ. ಮನೇಲಿ ಎಷ್ಟು ಜನ?”

“ಏಳು. ಎಮ್ಮೆ ಸೇರ್ಸ್ಬೇಕಾ?”

“ಎಮ್ಮೆ ಬೇಡಮ್ಮಾ.”

ಅವಳ ಹಿಂದೆ ಇನ್ನೂ ಮೂವರು ಸಾಲು ನಿಂತರು. ಸಾಹೇಬರು ನಿಂತುಕೊಂಡೇ, ಸೀನುತ್ತಾ ಸೀನುತ್ತಾ ನಾಲ್ಕು ಅರ್ಜಿ ಬರೆದುಕೊಟ್ಟರು. ಆಮೇಲೆ ತಮ್ಮ ಪುಸ್ತಕ ತೆಗೆದು, ಬೆಳಿಗ್ಗೆ ಬರೆದಿದ್ದ ಎರಡು ಸಾಲನ್ನು ಹೊಡೆದುಹಾಕಿ, ಅದರ ಕೆಳಗೆ ಏನೋ ಬರೆದುಕೊಂಡು, ಯಾರಿಗೂ ಹೇಳದೆ ಹೊರಟುಹೋದರು. ಹೇಳಿದ್ದರೂ ಆ ಗದ್ದಲದಲ್ಲಿ ಕೇಳಿಸುತ್ತಿರಲಿಲ್ಲ.

ಮೂರು ವಾರ ಊರು ಉಸಿರು ಬಿಗಿಹಿಡಿದಿತ್ತು. ಕಾಗದ ಬಂದ ದಿನ ಮೇಷ್ಟ್ರು ಹಾಲಿನ ನಡುವಿನ ಬೆಂಚಿನ ಮೇಲೆ ಕೂತು ಲಕೋಟೆ ಒಡೆದರು. ಮಷೀನುಗಳು ನಿಂತವು. ಮುನಿಯಪ್ಪ ಒಂದು ಕೊಳಗದ ಮೇಲೆ ಬೆರಳಿಟ್ಟುಕೊಂಡು, ಬಾರಿಸದೆ ಕಾದರು. ಮೇಷ್ಟ್ರು ಮನಸ್ಸಿನಲ್ಲೇ ಒಂದು ಸಲ ಓದಿಕೊಂಡರು. ಆಮೇಲೆ, ಇಪ್ಪತ್ತು ವರ್ಷ ಹೆಡ್‌ಮಾಸ್ಟರಾಗಿದ್ದ, ಎಂದೂ ಒಂದು ತಮಾಷೆ ಮಾಡದಿದ್ದ ಆ ಮನುಷ್ಯ, ತಮ್ಮ ಅಂಗವಸ್ತ್ರವನ್ನು ಕುತ್ತಿಗೆಗೆ ಮಫ್ಲರಿನ ಹಾಗೆ ಸುತ್ತಿಕೊಂಡರು, ಮೂಗನ್ನು ಎರಡು ಬೆರಳಲ್ಲಿ ಹಿಡಿದರು, ಸಾಹೇಬರ ಅದೇ ಮೆತ್ತಗಿನ ನೆಗಡಿ ದನಿಯಲ್ಲಿ ಎಲ್ಲರಿಗೂ ಕೇಳುವಂತೆ ಓದಿದರು:

“ಸದರಿ ಕಟ್ಟಡವು ಖಾಲಿ ಇಲ್ಲ. ತದಿಖೆಗೆ ಹೋದ ಅಧಿಕಾರಿಗೇ ಕೂರಲು ಜಾಗ ಸಿಗಲಿಲ್ಲ. ಕಡತಗಳಿಗೆ ಬೇರೆ ಸ್ಥಳ ದೋಡತಕ್ಕದ್ದು.” ಕೊನೆಗೆ ಒಂದು ಸೀನು. ಅದು ಕಾಗದದಲ್ಲಿ ಇರಲಿಲ್ಲ.

ಇಡೀ ಊರಮನೆ ಎದ್ದು ಕುಣಿಯಿತು. ಹುಡುಗಿಯರು ಕಿರುಚಿದರು, ಮುನಿಯಪ್ಪ ಸಿಕ್ಕ ಸಿಕ್ಕ ಪಾತ್ರೆಯನ್ನೆಲ್ಲ ಬಾರಿಸಿದರು, ಜಗುಲಿಯ ಮುದುಕರು ಏನಾಯಿತೆಂದು ಕೇಳಿಸದೆಯೂ ಚಪ್ಪಾಳೆ ಹೊಡೆದರು. ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದೆ: ಮಫ್ಲರು, ಮೂಗು, ತಲೆ ವಾಲಿಸುವ ರೀತಿ, ಒಂದೂ ತಪ್ಪಿರಲಿಲ್ಲ. ಮೇಷ್ಟ್ರು ಇನ್ನೊಂದು ಸಲ ಓದಲು ಮೂಗು ಹಿಡಿದುಕೊಂಡರು.

“ಸಾಕು, ಎದ್ದೇಳಿ ಮೇಷ್ಟ್ರೇ” ಅಂದರು ಜಯಮ್ಮನವರು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. “ಆ ಬೆಂಚು ನಮ್ಮ ಕ್ಲಾಸಿಗೆ ಬೇಕು.”